ಅತ್ತೆ ತಂದ ಹೂಂ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅತ್ತೆ ಅಪ್ಪನಿಗೆ ಹೇಳಿದ್ದು ಮಧ್ಯಾಹ್ನ, ದೊಡ್ಡಪ್ಪನಿಗೆ ಹೇಳಿದ್ದು ಸಂಜೆ ಎಂದು ನನ್ನ ನೆನಪು. ಅದು ತಿರುವುಮುರುವಾಗಿಯೂ ಇದ್ದೀತು. ಆ ವರ್ಷದ ದಿನಚರಿ ತೆಗೆದು ನೋಡಿದೆ. ಅದರಲ್ಲಿ ಅತ್ತೆಯ ಸುದ್ದಿಯೇ ಇಲ್ಲ. "ಇವತ್ತೂ ಹ್ಯಾಂಗ್ ಆಯಿತು" ಎಂಬ ವಾಕ್ಯ ಮಾತ್ರ ಪುಟದಿಂದ ಪುಟಕ್ಕೆ ಬರುತ್ತದೆ. ಹ್ಯಾಂಗ್ ಆದದ್ದು ಕಂಪ್ಯೂಟರು. ಮನೆಯ ಸುದ್ದಿಯನ್ನೂ ಬರೆದಿಡಬೇಕೆಂದು ಆಗ ನನಗೆ ಅನ್ನಿಸಿರಲಿಲ್ಲ. ಯಾವ ಪ್ರಶ್ನೆ ಮೊದಲು, ಯಾವ ಉತ್ತರ ಆಮೇಲೆ ಎಂಬುದರ ಲೆಕ್ಕ ತಪ್ಪದಂತೆ ನೋಡುವುದೇ ಆಗ ನನ್ನ ಓದಾಗಿತ್ತು. ಅದನ್ನು ನೆನೆದರೆ ಈ ಮರೆವು ಸ್ವಲ್ಪ ನಗೆಪಾಟಲಿನದು.

ಬೈಲಹೊಂಗಲದ ನಮ್ಮ ಮನೆಯಲ್ಲಿ ಇದ್ದವರು ದೊಡ್ಡಪ್ಪ, ಅಪ್ಪ, ಅವ್ವ, ಅತ್ತೆ, ನಾನು. ದೊಡ್ಡವ್ವ ನಾನು ಹುಟ್ಟುವ ಮೊದಲೇ ತೀರಿಹೋಗಿದ್ದಳು. ಅತ್ತೆ ಅಪ್ಪ, ದೊಡ್ಡಪ್ಪ ಇಬ್ಬರಿಗೂ ಅಕ್ಕ. ರಾಮದುರ್ಗಕ್ಕೆ ಕೊಟ್ಟಿದ್ದರು. ಗಂಡ ಬೇಗ ಹೋದ ಮೇಲೆ ತವರಿಗೆ ಬಂದವಳು ಇಲ್ಲೇ ಉಳಿದಳು.

ತೊಂಬತ್ತರ ದಶಕದ ಶುರುವಿನಲ್ಲಿ, ನಾನಿನ್ನೂ ಶಾಲೆಗೆ ಹೋಗುವಾಗ, ಅಪ್ಪ ಮತ್ತು ದೊಡ್ಡಪ್ಪ ಒಬ್ಬರೊಡನೊಬ್ಬರು ಮಾತು ಬಿಟ್ಟರು. ಹೊಲದ ಬದುವಿನ ಬನ್ನಿಗಿಡ ಕಡಿಸಿದ್ದಕ್ಕೆ ಎಂದು ಅವ್ವ ಹೇಳುತ್ತಾಳೆ. ಗಿಡ ಆಮೇಲಿನದು, ಮೊದಲಿನದು ಸವದತ್ತಿ ಸಂತೆಯಲ್ಲಿ ಕೇಳದೆ ಮಾರಿದ ಎತ್ತು ಎಂದು ಅಪ್ಪ ಹೇಳುತ್ತಾನೆ. ನನಗೆ ನೆನಪಿರುವುದು ಅಂಗಳದಲ್ಲಿ ಒಡೆದು ಬಿದ್ದ ಒಂದು ರೇಡಿಯೋ. ಆದರೆ ನಮ್ಮ ಮನೆಯಲ್ಲಿ ರೇಡಿಯೋ ಇತ್ತೆಂದು ನನ್ನನ್ನು ಬಿಟ್ಟರೆ ಯಾರೂ ಒಪ್ಪುವುದಿಲ್ಲ.

ಮಾತು ಬಿಟ್ಟರೂ ಬೇರೆಯಾಗಲಿಲ್ಲ. ಹೊಲ ಒಂದೇ, ಒಲೆ ಒಂದೇ. ಬೆಳಿಗ್ಗೆ ಚಹಾಕ್ಕೆ ಇಬ್ಬರೂ ಪಡಸಾಲೆಯಲ್ಲೇ ಕೂಡುತ್ತಿದ್ದರು. ದೊಡ್ಡಪ್ಪ ಗೋಡೆಗೆ ಒರಗಿ, ಅಪ್ಪ ಎದುರಿನ ಕಂಬಕ್ಕೆ ಒರಗಿ. ಕೈ ಚಾಚಿದರೆ ಸಿಗುವಷ್ಟು ಹತ್ತಿರವಲ್ಲ, ಕೇಳಿಸದಷ್ಟು ದೂರವೂ ಅಲ್ಲ.

"ಅಕ್ಕಾ, ನಾಳೆ ಹತ್ತಿ ಬಿಡಸಾಕ ಆಳು ಹೇಳ್ಯಾನೇನ ಕೇಳು ಅವನ್ನ," ಅನ್ನುತ್ತಿದ್ದ ದೊಡ್ಡಪ್ಪ.

ಅಪ್ಪನಿಗೆ ಪ್ರತಿ ಅಕ್ಷರವೂ ಕೇಳಿಸುತ್ತಿತ್ತು. ಆದರೂ ಆತ ಬಸಿಯಲ್ಲಿ ಸುರುವಿದ ಚಹಾ ಊದುತ್ತ ಕೂತಿರುತ್ತಿದ್ದ. ಅತ್ತೆ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಅಪ್ಪನ ಎದುರು ನಿಲ್ಲುತ್ತಿದ್ದಳು.

"ನಾಳೆ ಹತ್ತಿ ಬಿಡಸಾಕ ಆಳು ಹೇಳಿಯೇನಂತ."

ಅಪ್ಪ ಆಗತಾನೇ ಸುದ್ದಿ ತಿಳಿದವನಂತೆ ತಲೆ ಎತ್ತುತ್ತಿದ್ದ. "ಹೇಳೇನಿ ಅಂತ ಹೇಳು."

"ಹೇಳ್ಯಾನಂತ."

"ಎಷ್ಟ ಮಂದಿ ಅಂತ ಕೇಳು."

ಒಲೆಯ ಮೇಲೆ ಪಲ್ಯ ಇದ್ದ ದಿನ ಅತ್ತೆ ಒಂದೊಂದಕ್ಕೇ ಓಡಾಡುತ್ತಿರಲಿಲ್ಲ. ಮೂರು ನಾಲ್ಕು ಪ್ರಶ್ನೆ ಕೂಡಿದ ಮೇಲೆ ಒಮ್ಮೆಗೇ ಉತ್ತರ ತಂದು ಹಂಚುತ್ತಿದ್ದಳು. "ಹತ್ತಿಗೆ ಹೂಂ ಅಂತ, ಗೋದಿಗೆ ಬ್ಯಾಡಂತ, ಚಹಾ ಅರ್ಧ ಕಪ್ ಸಾಕಂತ." ಯಾವ ಉತ್ತರ ಯಾವ ಪ್ರಶ್ನೆಯದೆಂಬುದು ಒಮ್ಮೆಯೂ ಕಲಸಿದ್ದು ನನಗೆ ಗೊತ್ತಿಲ್ಲ.

ಈ ಕೆಲಸಕ್ಕೆ ಅವ್ವ ಒದಗುತ್ತಿರಲಿಲ್ಲ. ತಮ್ಮನ ಹೆಂಡತಿ ಗಂಡನ ಅಣ್ಣನೆದುರು ನಿಂತು ಮಾತಾಡುವುದು ನಮ್ಮ ಮನೆಯಲ್ಲಿ ಇರಲಿಲ್ಲ. ಅವಳೇ ದೊಡ್ಡಪ್ಪನಿಗೆ ಏನಾದರೂ ತಿಳಿಸಬೇಕಾದರೆ ಬಾಗಿಲ ಹಿಂದೆ ಬಳೆ ಸಪ್ಪಳ ಮಾಡಿ ಅತ್ತೆಯನ್ನು ಕರೆಯುತ್ತಿದ್ದಳು. ನನ್ನನ್ನು ಒಮ್ಮೆ ಹಚ್ಚಿ ನೋಡಿದರು. ದೊಡ್ಡಪ್ಪ ಹೇಳಿದ್ದು "ಮೋಟರ್ ಬಂದ್ ಮಾಡಂತ ಹೇಳು" ಎಂದಷ್ಟೇ. ನಾನು ಅಪ್ಪನಿಗೆ, "ಮೋಟರ್ ಬಂದ್ ಮಾಡಬೇಕಂತ, ಇಲ್ಲಂದ್ರ ಆ ನೀರೆಲ್ಲಾ ನಿಮ್ಮ ತಲಿ ಮ್ಯಾಲ ಸುರುವತಾನಂತ" ಎಂದೆ. ಅಂದಿನಿಂದ ನನ್ನನ್ನು ತೆಗೆದರು.

"ಕೊಟ್ಟಷ್ಟ ಒಯ್ಯಬೇಕ ಮಗಳ," ಅಂದಳು ಅತ್ತೆ. "ಉಪ್ಪು ಖಾರ ಹಾಕಾಕ ಅಡಗಿಮನಿ ಐತಿ."

ಈ ಮಾತು ಮಾತ್ರ ಸರಿಯಾಗಿ ನೆನಪಿದೆ ಎಂದು ಆಣೆ ಮಾಡಬಲ್ಲೆ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ನಾನು ಬೆಳಗಾವಿಯ ಒಂದು ಕಾಲೇಜಿನಲ್ಲಿ ಎಂ.ಟೆಕ್. ಓದುತ್ತಿದ್ದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಮನೆಯಲ್ಲೇ ಒಂದು ಕಂಪ್ಯೂಟರು ಜೋಡಿಸಿಕೊಂಡಿದ್ದೆ. ಊರಿನಲ್ಲಿ ಕೇಳಿದವರಿಗೆಲ್ಲ ಅಪ್ಪ "ಕಂಪ್ಯೂಟರಿನಾಗ ಏನೋ ಮಾಡಾಕ ಹತ್ಯಾಳ" ಅನ್ನುತ್ತಿದ್ದ. ಅದು ತಪ್ಪೇನಲ್ಲ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಂಪ್ಯೂಟರಿನ ಕಾರ್ಯಕ್ರಮಗಳ, ಅಂದರೆ ಪ್ರೋಗ್ರಾಮುಗಳ, ನಡುವೆ ಎಲ್ಲಕ್ಕಿಂತ ಆಳದಲ್ಲಿ ಕರ್ನಲ್ ಎಂಬುದೊಂದು ಇರುತ್ತದೆ. ಫೈಲು ತೆರೆಯುವುದು, ಓದುವುದು, ಬರೆಯುವುದು, ಏನೇ ಆದರೂ ಅದನ್ನು ಕೇಳಿಯೇ ಆಗಬೇಕು. ಅದರೊಳಗೆ ಕೂತು ಒಂದು ಬಗೆಯ ಫೈಲುಗಳ ಉಸ್ತುವಾರಿ ನೋಡುವ ತುಣುಕಿಗೆ ಫೈಲ್ ಸಿಸ್ಟಮ್ ಡ್ರೈವರ್ ಅನ್ನುತ್ತಾರೆ. ಕರ್ನಲ್ಲಿನ ಒಳಗೆ ಸಣ್ಣ ತಪ್ಪಾದರೂ ಇಡೀ ಯಂತ್ರ ಬಿದ್ದುಹೋಗುತ್ತದೆ. ಅದಕ್ಕೇ ಭಾರದ ಕೆಲಸವನ್ನೆಲ್ಲ ಹೊರಗಿನ ಕಾರ್ಯಕ್ರಮವೊಂದಕ್ಕೆ ವಹಿಸುವುದು ಕ್ಷೇಮ. ತೆರೆಯ ಹಿಂದೆ ಸದಾ ಎಚ್ಚರಾಗಿದ್ದು ಇಂಥ ಚಾಕರಿ ಮಾಡುವ ಕಾರ್ಯಕ್ರಮಕ್ಕೆ ಡೀಮನ್ ಎಂದು ಹೆಸರು. ನನ್ನ ಪ್ರಾಜೆಕ್ಟಿನಲ್ಲಿ ಬೆಳಗಾವಿಯ ಕಾಲೇಜಿನ ಕಂಪ್ಯೂಟರಿನಲ್ಲಿದ್ದ ಫೈಲುಗಳು ಬೈಲಹೊಂಗಲದ ನನ್ನ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲೇ ಇವೆಯೇನೋ ಎಂಬಂತೆ ಕಾಣಬೇಕಿತ್ತು. ಒಳಗಿನ ಡ್ರೈವರ್ "ಈ ಫೈಲಿನ ಇಷ್ಟು ಭಾಗ ಬೇಕು" ಎಂದು ಕೇಳುತ್ತದೆ. ಹೊರಗಿನ ಡೀಮನ್ ಫೋನ್ ಲೈನಿನಲ್ಲಿ ಬೆಳಗಾವಿಯನ್ನು ಮುಟ್ಟಿ ಅದನ್ನು ತಂದುಕೊಡುತ್ತದೆ. ಇವೆರಡರ ನಡುವಿನ ಮಾತುಕತೆ ಹೇಗಿರಬೇಕು ಎಂದು ಗೊತ್ತುಮಾಡುವುದೇ ನನ್ನ ಪ್ರಬಂಧ.

ಒಳಗಿನವನಿಗೆ ಹೊರಗಿನವನ ಸರಕೆಲ್ಲ ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಆದರೂ ಸೀದಾ ಕೈಹಾಕುವಂತಿಲ್ಲ. ಗೊತ್ತುಮಾಡಿದ ಬಾಗಿಲಿನಿಂದ ಬಂದರೆ ಮಾತ್ರ, ಅದನ್ನು ನಕಲು ಮಾಡಿಕೊಂಡು ತೆಗೆದುಕೊಳ್ಳಬೇಕು. ಒಂದೊಂದು ಪ್ರಶ್ನೆಗೂ ಒಂದು ಸಂಖ್ಯೆ. ಉತ್ತರ ಅದೇ ಸಂಖ್ಯೆ ಹೊತ್ತು ಬರಬೇಕು. ಕೇಳಿದವನು ಉತ್ತರ ಬರುವ ತನಕ ಬೇರೇನೂ ಮಾಡದೆ ಮಲಗಿರಬೇಕು.

ಅತ್ತೆಯನ್ನು ನೋಡಿ ನನಗೆ ಈ ವಿನ್ಯಾಸ ಹೊಳೆಯಿತು ಎಂದು ಬರೆದರೆ ಓದಲು ಚೆಂದ. ನಿಜವಲ್ಲ. ಹೊಳೆದದ್ದು ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಬೇರೆಯವರ ಕೋಡ್ ಓದಿ. ದಿನಾ ಕಣ್ಣೆದುರು ನಡೆಯುತ್ತಿದ್ದುದಕ್ಕೂ ತೆರೆಯ ಮೇಲಿನದಕ್ಕೂ ಇರುವ ಹೋಲಿಕೆ ಆಗ ನನಗೆ ಕಂಡಿರಲೇ ಇಲ್ಲ, ಅಥವಾ ಕಂಡು ಮರೆತಿದ್ದೇನೆ.

ಫೋನು ಪಡಸಾಲೆಯಲ್ಲಿತ್ತು. ಹಾಗಾಗಿ ಕಂಪ್ಯೂಟರೂ ಅಲ್ಲೇ ಬಂತು, ದೊಡ್ಡಪ್ಪನ ಗೋಡೆಗೂ ಅಪ್ಪನ ಕಂಬಕ್ಕೂ ನಡುವೆ. ಮೊದಲ ದಿನ ಅತ್ತೆ ಅದರ ಸುತ್ತ ಒಂದು ಸುತ್ತು ಬಂದು, "ಇದರ ಹಣ್ಯಾಗೂ ಇವರಿಬ್ಬರ ನಡುವ ಕುಂಡ್ರೂದ ಬರದೈತೇನವಾ?" ಅಂದಳು.

ಅದೇ ಚಳಿಗಾಲದಲ್ಲಿ ರಾಮದುರ್ಗದಿಂದ ಅವಳಿಗೆ ಕರೆ ಬಂತು. ಅವಳು ಅಲ್ಲಿ ಬಾಳುವೆ ಮಾಡಿದ ಕೆಲವೇ ವರ್ಷಗಳಲ್ಲಿ ಮಗ್ಗುಲ ಮನೆಯ ಸೊಸೆಯೊಬ್ಬಳು ಗೆಳತಿಯಾಗಿದ್ದಳು. ಆಕೆ ಈಗ ಮನೆಯಲ್ಲೇ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿಸಿ ಸವದತ್ತಿ ಗುಡ್ಡದ ಕೆಳಗಿನ ಅಂಗಡಿಗಳಿಗೆ ಕಳಿಸುತ್ತಿದ್ದಳು. ಕೈ ಸಾಲುತ್ತಿರಲಿಲ್ಲ. ಅತ್ತೆ ಬಡಿದ ರೊಟ್ಟಿಯನ್ನು ಬಲ್ಲವಳು ಅವಳು. ಬಂದು ತನ್ನ ಜೋಡಿ ಇರು, ಇಬ್ಬರೂ ಕೂಡಿ ನಡೆಸೋಣ ಎಂದಳು. ಯುಗಾದಿಯ ಒಳಗೆ ಬರದಿದ್ದರೆ ಬೇರೆ ಯಾರನ್ನಾದರೂ ಕೂಡಿಸಿಕೊಳ್ಳುತ್ತೇನೆ ಎಂದೂ ಹೇಳಿದಳು.

ಅತ್ತೆಗೆ ಹೋಗಬೇಕಿತ್ತು. ಅಷ್ಟು ವರ್ಷಗಳಲ್ಲಿ ಅವಳು ಏನನ್ನಾದರೂ ಬೇಕು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಾರನೆಯ ಬೆಳಿಗ್ಗೆ ಇಬ್ಬರಿಗೂ ಚಹಾ ಕೊಟ್ಟವಳು ಒಳಗೆ ಹೋಗದೆ ನಡುವೆ ನಿಂತಳು.

"ನಾ ರಾಮದುರ್ಗಕ್ಕ ಹೋಗಿ ಇರಬೇಕಂತ ಮಾಡೇನಿ. ರೊಟ್ಟಿ ಕೆಲಸಕ್ಕ."

ದೊಡ್ಡಪ್ಪ ಬಹಳ ಹೊತ್ತು ಮೀಸೆ ಸವರಿಕೊಂಡ. "ಅವ ಏನಂತಾನ ಕೇಳು."

ಅತ್ತೆ ಅಪ್ಪನ ಕಡೆ ತಿರುಗಿದಳು. "ನೀ ಏನಂತಿ ಅಂತ."

"ಹಿರ್ಯಾಂವ ಅವ. ಮೊದ್ಲ ಅವ ಏನಂತಾನ ಕೇಳು."

"ಮೊದ್ಲ ನೀ ಹೇಳಬೇಕಂತ."

"ಅವ ಮೊದ್ಲ ಹೇಳ್ಲಿ ಅಂತ ಹೇಳು."

"ಅವನs ಮೊದ್ಲ ಹೇಳ್ಲಿ ಅಂತಾನಪಾ," ಎಂದು ಆ ಕಡೆ ಹೇಳಿ, ಈ ಕಡೆ ಹೇಳಿ, ಅತ್ತೆ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಅಲ್ರೋ, ಇದು ನನ್ನ ಮಾತೈತಿ. ನನ್ನ ಮಾತ ನಾನs ಹೊತಗೊಂಡು ಎಷ್ಟ ಸಲ ಅಡ್ಡಾಡ್ಲಿ?"

ಇಬ್ಬರೂ ಚಹಾ ಊದಿದರು. ಚಹಾ ಆಗಲೇ ಆರಿತ್ತು.

ಇಬ್ಬರಲ್ಲಿ ಒಬ್ಬನೂ ಬೇಡ ಅನ್ನಲಿಲ್ಲ, ಇದನ್ನು ನ್ಯಾಯವಾಗಿ ಹೇಳಬೇಕು. ಬೇಡ ಅಂದರೆ ಅಕ್ಕನಿಗೆ ಬೇಡ ಅಂದಂತಾಗುತ್ತದೆ. ಹೂಂ ಅಂದರೆ ನಾಳೆಯಿಂದ ಎದುರಿನವನಿಗೆ "ಮೋಟರ್ ಬಂದ್ ಮಾಡು" ಎಂದು ಹೇಳುವವರು ಇರುವುದಿಲ್ಲ. ಈ ಎರಡನೆಯದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾದರೂ ಅತ್ತೆಯ ಕೈಯಲ್ಲೇ ಹೇಳಿಸಬೇಕಿತ್ತಲ್ಲ.

ಹತ್ತಿ ಮುಗಿಯಿತು, ಜೋಳದ ಸುಗ್ಗಿ ಬಂತು. ಅತ್ತೆ ಆಗಾಗ ಕೇಳುತ್ತಿದ್ದಳು. ಅದೇ ಉತ್ತರ ಅದೇ ದಾರಿಯಲ್ಲಿ ಸುತ್ತುತ್ತಿತ್ತು. ರಾಮದುರ್ಗದ ಗೆಳತಿ ಫೋನು ಹಚ್ಚಿದಾಗೆಲ್ಲ ಲೈನು ಸಿಗುತ್ತಿರಲಿಲ್ಲ. ನನ್ನ ಡೀಮನ್ ಬೆಳಗಾವಿಯನ್ನು ಮುಟ್ಟಲು ಮೋಡೆಮ್ಮಿನಲ್ಲಿ ಕಿರ್ರ್ ಅನ್ನುತ್ತ ಅದೇ ಲೈನು ಹಿಡಿದು ಕೂತಿರುತ್ತಿತ್ತು.

"ನಿನ್ನ ಆ ಕಿರ್ರ್ ಅನ್ನೂದು ಮುಗೀತೇನ್ವಾ?" ಎಂದು ಅಡುಗೆಮನೆಯಿಂದ ಕೂಗುತ್ತಿದ್ದಳು. "ನನ್ನವೂ ನಾಕ ಮಾತ ಅದಾವು."

ನನ್ನದೂ ಅಲ್ಲಿಯವರೆಗೆ ಒಂದು ಮಾತೂ ದಾಟಿರಲಿಲ್ಲ. ಫೋಲ್ಡರು ತೆರೆದರೆ ಸಾಕು, ಎಲ್ಲ ಸ್ತಬ್ಧ. ಡ್ರೈವರ್ ಉತ್ತರಕ್ಕಾಗಿ ಮಲಗಿದೆ, ಡೀಮನ್ನೂ ಮಲಗಿದೆ, ಎಬ್ಬಿಸುವವರಿಲ್ಲ. ಅಂಥ ಸ್ಥಿತಿಯಲ್ಲಿ ಕಾಯುತ್ತಿರುವ ಕಾರ್ಯಕ್ರಮವನ್ನು ಕೊಲ್ಲುವುದಕ್ಕೂ ಆಗುವುದಿಲ್ಲ, ಯಂತ್ರವನ್ನೇ ಆರಿಸಬೇಕು. ಬೈಲಹೊಂಗಲದ ಕರೆಂಟು ಈ ವಿಷಯದಲ್ಲಿ ನನಗೆ ತುಂಬ ಸಹಾಯ ಮಾಡಿತು. ನಾನು ಯೋಚಿಸಿ ತೀರ್ಮಾನಕ್ಕೆ ಬರುವ ಮೊದಲೇ ಅದು ಹೋಗಿರುತ್ತಿತ್ತು.

ನನ್ನ ಗೈಡ್ ಕಿತ್ತೂರಿನವರು. ಭಾನುವಾರ ಟೆಂಪೋ ಹಿಡಿದು ಅವರ ಮನೆಗೆ ಹೋಗುತ್ತಿದ್ದೆ. ಮನೆ ಹೆದ್ದಾರಿಗೆ ಅಂಟಿಕೊಂಡೇ ಇತ್ತು. ಲಾರಿ ಹೋಗುವಾಗ ಮಾತು ನಿಲ್ಲಿಸಿ, ಲಾರಿ ಹೋದ ಮೇಲೆ ಮುಂದುವರಿಸುವುದು ಅವರಿಗೆ ರೂಢಿ. ನನ್ನ ಕಾಗದಗಳನ್ನು ತಿರುವಿ ನೋಡಿ ಕೇಳಿದರು:

"ಏನವಾ, ಈ ಡೀಮನ್ ಏನೇನ ಮಾಡೇನಿ ಅಂತ ಬರದಿಡತೈತಲ್ಲ, ಆ ಲಾಗ್ ಫೈಲ್ ಯಾವ ಫೋಲ್ಡರಿನಾಗ ಐತಿ?"

"ನಮ್ಮ ಫೋಲ್ಡರಿನಾಗನ ಐತ್ರಿ ಸರ್. ಎಲ್ಲಾ ಒಂದ ಕಡೆ ಇರ್ಲಿ ಅಂತ."

ಒಂದು ಲಾರಿ ಹೋಯಿತು. ಅವರು ನಗುವುದನ್ನು ಲಾರಿಗಾಗಿ ನಿಲ್ಲಿಸಲಿಲ್ಲ.

"ಮೊದಲನೇ ಪ್ರಶ್ನೆ ಬರತೈತಿ. ನಿನ್ನ ಡೀಮನ್ 'ಪ್ರಶ್ನೆ ಬಂತು' ಅಂತ ಬರೀಲಿಕ್ಕೆ ಹೋಗತೈತಿ. ಎಲ್ಲಿ? ತಾನs ನಡೆಸೋ ಫೋಲ್ಡರಿನಾಗ. ಅಲ್ಲಿ ಬರೀಬೇಕಂದ್ರ ಡ್ರೈವರ್‌ನ ಕೇಳಬೇಕು. ಡ್ರೈವರ್ ಯಾರನ್ನ ಕೇಳತೈತಿ?"

"ಡೀಮನ್ನ... ಸರ್."

"ಡೀಮನ್ ಏನ ಮಾಡಾಕ ಹತ್ತೈತಿ?"

"ತನ್ನ ಬರಿಯೂದು ಮುಗೀಲಿ ಅಂತ ಕಾಯಾಕ ಹತ್ತೈತ್ರಿ."

"ಕಾಯಲಿ ಬಿಡು," ಅಂದರು. "ಒಳಗಿಂದ ಚಹಾ ತರಸ್ತೇನಿ."

ತಂದುಕೊಡುವವನು ತನ್ನ ಸ್ವಂತದ ಅಗತ್ಯಕ್ಕೆ ತನ್ನದೇ ಬಾಗಿಲನ್ನು ತಟ್ಟುವಂತಿರಬಾರದು. ಅವನ ಕೆಲಸಕ್ಕೆ ಬೇರೆ ದಾರಿ ಬೇಕು. ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಇದನ್ನು ಒಂದು ನಿಯಮವಾಗಿ ದಪ್ಪಕ್ಷರದಲ್ಲಿ ಹಾಕಿದ್ದೇನೆ. ಲಾಗ್ ಫೈಲನ್ನು ಬೇರೆ ಫೋಲ್ಡರಿಗೆ ಹಾಕಿದೆ. ಅಂದು ಸಂಜೆಯೇ ಬೆಳಗಾವಿಯ ಒಂದು ಫೈಲು ಬೈಲಹೊಂಗಲದಲ್ಲಿ ತೆರೆಯಿತು. ನಾನು ಖುಷಿಯಿಂದ ಕೂಗಿದ್ದಕ್ಕೆ ಅತ್ತೆ ಓಡಿಬಂದು, "ಏನ, ಲೈನ್ ಸಿಕ್ತೇನ?" ಎಂದು ಕೇಳಿದಳು. ಅವಳು ಕೇಳಿದ್ದು ರಾಮದುರ್ಗದ ಲೈನು.

ಆಮೇಲೆ ಅತ್ತೆ ಹೂಲಿಗೆ ಒಂದು ಮದುವೆಗೆಂದು ಹೋದಳು. ಅವ್ವನೂ ಜೊತೆಗೆ ಹೋದಳು. ಅದೇ ಹೊತ್ತಿಗೆ ಅಡ್ಡಮಳೆ ಬಿದ್ದು ಕಟಾವಾದ ಹೊಲ ಹದಕ್ಕೆ ಬಂದಿತ್ತು. ದೊಡ್ಡಪ್ಪ ಮೊದಲೇ ಹೇಳಿಟ್ಟಿದ್ದ ಮನೋಳಿಯ ಟ್ರ್ಯಾಕ್ಟರಿನವನು ಬೆಳಿಗ್ಗೆ ಬಂದು ಕಟ್ಟೆಯ ಬಳಿ ನಿಂತ. ಇಬ್ಬರೂ ಪಡಸಾಲೆಯಲ್ಲಿದ್ದರು, ನಾನು ನಡುವೆ ಕಂಪ್ಯೂಟರಿನ ಎದುರು.

"ಯಜಮಾನ್ರ, ಶೆಡ್ಡಿನ ಕೀಲಿ ಕೊಡ್ರಿ, ನೇಗಿಲ ಜೋಡಸ್ತೇನಿ."

ಕೀಲಿ ಅಪ್ಪನ ಅಂಗಿಯ ಜೇಬಿನಲ್ಲಿತ್ತು. ಅದು ದೊಡ್ಡಪ್ಪನಿಗೆ ಗೊತ್ತಿತ್ತು. ಅವನು ಅಡುಗೆಮನೆಯ ಬಾಗಿಲ ಕಡೆ ನೋಡಿದ. ಅಪ್ಪನೂ ಅಲ್ಲೇ ನೋಡಿದ.

"ಕೀಲಿ ಎಲ್ಲೈತಿ ಅಂತ ಕೇಳಬೇಕಾಗೈತಪಾ," ಅಂದ ದೊಡ್ಡಪ್ಪ.

"ಕೇಳ್ರಿ."

"ಕೇಳಾವ್ರು ಹೂಲಿಗೆ ಹೋಗ್ಯಾರ."

ಟ್ರ್ಯಾಕ್ಟರಿನವನು ಅಪ್ಪನ ಕಡೆ ತಿರುಗಿದ. "ಸಣ್ಣ ಯಜಮಾನ್ರ, ನಿಮ್ಮ ಕಡೆ ಐತೇನ್ರಿ?"

"ನನ್ನ ಯಾರೂ ಕೇಳಿಲ್ಲಪಾ."

"ನಾ ಕೇಳಾಕ ಹತ್ತೇನಲ್ರಿ!"

"ನೀ ಹೊರಗಿನಾಂವ. ಮನ್ಯಾಗಿಂದ ಮಾತ ಬರಬೇಕು."

ನಾನು ಬಾಯಿ ತೆರೆದೆನೋ ಇಲ್ಲವೋ ನೆನಪಿಲ್ಲ. ಬಾಲ್ಯದಲ್ಲಿ ನನ್ನನ್ನು ಆ ಕೆಲಸದಿಂದ ತೆಗೆದದ್ದು ಇನ್ನೂ ಜಾರಿಯಲ್ಲಿತ್ತು. ತೆರೆದಿದ್ದರೂ "ನೀ ನಿನ್ನ ಮಶೀನ್ ನೋಡಿಕೊ" ಅಂದಿರುತ್ತಾರೆ. ಟ್ರ್ಯಾಕ್ಟರಿನವನು ಟಾವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಹೂಲಿಯಿಂದ ಬಂದ ಮ್ಯಾಲ ಹೇಳಿ ಕಳಸ್ರಿ," ಎಂದು ಮನೋಳಿಗೆ ಹೊರಟ. ಅತ್ತೆ ಬರುವ ಹೊತ್ತಿಗೆ ಹೊಲ ಒಣಗಿ ಬಿರುಕು ಬಿಟ್ಟಿತ್ತು.

ಡೀಮನ್ ನಡುವೆಯೇ ಸತ್ತುಹೋದರೆ ಡ್ರೈವರ್ ಏನು ಮಾಡಬೇಕು ಎಂಬುದು ನನ್ನ ನಾಲ್ಕನೆಯ ಅಧ್ಯಾಯ. ಕಾಯುತ್ತಿರುವವರನ್ನೆಲ್ಲ ಎಬ್ಬಿಸಿ "ಸಂಪರ್ಕವಿಲ್ಲ, ನಿಮ್ಮ ದಾರಿ ನೀವು ನೋಡಿಕೊಳ್ಳಿ" ಎಂದು ಹೇಳಿ ಕಳಿಸಬೇಕು ಎಂದು ಅದರಲ್ಲಿ ವಾದಿಸಿದ್ದೇನೆ. ಹೂಲಿಯ ಮದುವೆಯ ಆಸುಪಾಸಿನಲ್ಲೇ ಅದನ್ನು ಬರೆದೆ ಎಂದು ನನ್ನ ಅಂದಾಜು. ಬರೆಯುವಾಗ ಟ್ರ್ಯಾಕ್ಟರಿನವನ ಮುಖ ಕಣ್ಣಮುಂದೆ ಇತ್ತು ಎಂದು ಸೇರಿಸುವ ಆಸೆಯಾಗುತ್ತದೆ. ಸೇರಿಸುವುದಿಲ್ಲ.

ಹೂಲಿಯಿಂದ ಬಂದ ಅತ್ತೆ ಹೊಲದ ಸುದ್ದಿ ಕೇಳಿ ಸೀದಾ ಒಲೆ ಹಚ್ಚಲು ಹೋದಳು. ಯುಗಾದಿ ಹತ್ತಿರ ಬಂದಿತ್ತು. ಕೆಲವು ದಿನ ಅವಳು ರಾಮದುರ್ಗದ ಮಾತೆತ್ತಲಿಲ್ಲ. ಬಿಟ್ಟಳೇನೋ ಎಂದುಕೊಂಡೆ.

ಒಂದು ಮಧ್ಯಾಹ್ನ ಅಪ್ಪ ಊಟಕ್ಕೆ ಬಂದ. ದೊಡ್ಡಪ್ಪ ಹೊಲದಲ್ಲೇ ಇದ್ದ. ಅತ್ತೆ ರೊಟ್ಟಿ ಹಾಕಿ, ಪಲ್ಯ ಹಾಕಿ, ಎಂದಿನ ದನಿಯಲ್ಲಿ ಹೇಳಿದಳು:

"ಅವ ಹೂಂ ಅಂದಾನ. ಹೋಗಿ ಬಾ ಅಂದಾನ ರಾಮದುರ್ಗಕ್ಕ."

ಅಪ್ಪನ ಕೈಯಲ್ಲಿ ತುತ್ತು ನಿಂತಿತು. "ಯಾವಾಗ ಅಂದ?"

"ಅಂದ."

"ತಾನಾಗೇ ಅಂದ್ನ?"

"ನಾ ಕೇಳಿದ್ದಕ್ಕ ಅಂದ. ಪಲ್ಯ ಹಾಕ್ಲಿ?"

ಅಪ್ಪ ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದ. "ಅವ ಹೂಂ ಅಂದ ಮ್ಯಾಲ ನಂದೇನೈತಿ. ಹೂಂ ಅಂತ ಹೇಳು."

ಸಂಜೆ ಅಪ್ಪ ಪೇಟೆಗೆ ಹೋದಾಗ ದೊಡ್ಡಪ್ಪ ಹೊಲದಿಂದ ಬಂದ. ಅತ್ತೆ ಕೈಕಾಲಿಗೆ ನೀರು ಕೊಡುತ್ತ ಹೇಳಿದಳು: "ಅವ ಹೂಂ ಅಂದಾನ."

"ಅವ ಹೂಂ ಅಂದ್ನ?" ದೊಡ್ಡಪ್ಪ ಚರಿಗೆ ಹಿಡಿದು ಹಾಗೇ ನಿಂತ. ಆಮೇಲೆ ಪಾದದ ಮೇಲೆ ನೀರು ಹಾಕಿಕೊಂಡ. "ಆತ ಬಿಡು. ಅವನs ಹೂಂ ಅಂದ ಮ್ಯಾಲ ನಾ ಯಾಕ ಬ್ಯಾಡನ್ಲಿ."

ಎರಡೂ ಸಲ ನಾನು ಕಂಪ್ಯೂಟರಿನ ಎದುರಿದ್ದೆ. ಎರಡನ್ನೂ ನನ್ನ ಕಿವಿಯಿಂದ ಕೇಳಿದೆ. ಕೇಳಿದ್ದನ್ನು ಕೂಡಿಸಿ ನೋಡುವ ಬುದ್ಧಿ ಬರಲು ಮಾತ್ರ ಕೆಲವು ದಿನ ಹಿಡಿಯಿತು. ದೊಡ್ಡಪ್ಪ ಮೊದಲೇ ಹೂಂ ಅಂದಿದ್ದರೆ ಸಂಜೆ ಹಾಗೆ ಚರಿಗೆ ಹಿಡಿದು ನಿಲ್ಲಬೇಕಿರಲಿಲ್ಲ. ಅಂದಿರದಿದ್ದರೆ ಮಧ್ಯಾಹ್ನ ಅತ್ತೆ ಅಪ್ಪನಿಗೆ ತಂದ ಹೂಂ ಎಲ್ಲಿಯದು? ಅಥವಾ ಬೆಳಿಗ್ಗೆ ನಾನಿನ್ನೂ ಏಳುವ ಮೊದಲು ದೊಡ್ಡಪ್ಪ ನಿಜವಾಗಿಯೂ ಹೂಂ ಅಂದಿದ್ದು, ಸಂಜೆ ನಿಂತದ್ದು ತಮ್ಮನೂ ಒಪ್ಪಿದನಲ್ಲ ಎಂಬ ಬೆರಗಿಗೋ? ಮಧ್ಯಾಹ್ನ, ಸಂಜೆಗಳನ್ನು ನಾನೇ ಅದಲುಬದಲು ಮಾಡಿಕೊಂಡಿದ್ದರಂತೂ ಲೆಕ್ಕವೇ ಬೇರೆ. ಒಬ್ಬರನ್ನೊಬ್ಬರು ಕೇಳಿದ್ದರೆ ಕ್ಷಣದಲ್ಲಿ ತಿಳಿಯುತ್ತಿತ್ತು. ಅದನ್ನೇ ಅವರು ಮಾಡುವಂತಿರಲಿಲ್ಲ.

ಯುಗಾದಿಗೆ ಮೊದಲೇ ಅತ್ತೆ ಹೊರಟಳು. ಒಂದು ಟ್ರಂಕು, ಒಂದು ರೊಟ್ಟಿ ಹೆಂಚು. ಸವದತ್ತಿಯಲ್ಲಿ ಬಸ್ಸು ಬದಲಿಸಬೇಕಿತ್ತು, ಅಲ್ಲಿಯವರೆಗೆ ನಾನು ಜೊತೆಗೆ ಹೋದೆ. ಬಸ್ಸಿನ ಕಿಟಕಿಯಿಂದ ಅವಳು ಕೈ ಬೀಸಲಿಲ್ಲ, ಹೆಂಚು ಹಿಡಿದುಕೊಂಡಿದ್ದಳು.

ಬೇಸಿಗೆಯಲ್ಲಿ ನನ್ನ ಪ್ರಾಜೆಕ್ಟಿನ ಕೊನೆಯ ಪರೀಕ್ಷೆ. ಎಲ್ಲ ತೋರಿಸಿ ಆದ ಮೇಲೆ ಗೈಡ್ ಒಂದು ಪ್ರಶ್ನೆ ಕೇಳಿದರು.

"ಉತ್ತರದ ಸಂಖ್ಯೆ ಸರಿ ಐತಿ, ಉದ್ದ ಸರಿ ಐತಿ, ಎಲ್ಲಾ ಸರಿ ಐತಿ. ಆದ್ರ ಒಳಗಿನ ಮಾತs ಸುಳ್ಳೈತಿ. ಡೀಮನ್ ಸುಳ್ಳ ಹೇಳೈತಿ. ನಿನ್ನ ಡ್ರೈವರಿಗೆ ಹೆಂಗ ಗೊತ್ತಾಗತೈತಿ?"

"ಗೊತ್ತಾಗಂಗಿಲ್ರಿ ಸರ್. ಅದಕ್ಕs ಯಾರಂದ್ರ ಅವರು ಡೀಮನ್ ಆಗಂಗಿಲ್ಲ. ಮಶೀನಿನ ಯಜಮಾನರು ನಂಬಿದವರಿಗಷ್ಟ ಆ ಬಾಗಿಲು."

"ನಂಬಿಕಿ ಮ್ಯಾಲೆ ನಡೀತೈತಿ ಅನ್ನು."

"ಹೂಂ ರೀ."

ಪಾಸಾದೆ. ಈ ಪ್ರಶ್ನೆ ಅತ್ತೆ ಹೋದ ಮೇಲೆ ಬಂದದ್ದು ಎಂದು ಬರೆದಿದ್ದೇನೆ, ಕತೆಗೆ ಅದು ಹೊಂದುತ್ತದೆ. ಆದರೆ ಅದಕ್ಕೂ ಮೊದಲೇ, ಕಿತ್ತೂರಿನ ಯಾವುದೋ ಭಾನುವಾರ ಅವರು ಇದನ್ನು ಕೇಳಿ, ಉತ್ತರವನ್ನೂ ಅವರೇ ಹೇಳಿಕೊಟ್ಟಿದ್ದರು ಎಂಬ ಅನುಮಾನ ನನಗಿದೆ. ನನ್ನ ಡ್ರೈವರ್ ಒಂದು ಸಿ.ಡಿ.ಯಲ್ಲಿ ಸೇರಿ ಕಾಲೇಜಿನ ಕಪಾಟಿಗೆ ಹೋಯಿತು. ಸ್ವಲ್ಪ ಕಾಲದಲ್ಲೇ ಜಗತ್ತಿನಲ್ಲಿ ಬೇರೆ ಯಾರೋ ಮಾಡಿದ, ನನ್ನದಕ್ಕಿಂತ ಎಷ್ಟೋ ಚೆನ್ನಾಗಿದ್ದ ಅಂಥದೇ ಒಂದು ಎಲ್ಲರ ಕಂಪ್ಯೂಟರಿಗೂ ಬಂತು. ನನಗೆ ಅದೇ ಕಾಲೇಜಿನಲ್ಲಿ ಕಲಿಸುವ ಕೆಲಸ ಸಿಕ್ಕಿತು. ಈಗಲೂ ಬೈಲಹೊಂಗಲದಿಂದಲೇ ಬಸ್ಸಿನಲ್ಲಿ ಓಡಾಡುತ್ತೇನೆ.

ಅತ್ತೆ ಹೋದ ಮೇಲೆ ಇವರಿಬ್ಬರೂ ಗತಿಯಿಲ್ಲದೆ ಮಾತಾಡಿಯಾರು ಎಂದು ಅವ್ವ ಕಾದಳು. ಅಷ್ಟರಲ್ಲಿ ಮೊಬೈಲು ಬಂತು. ಅಪ್ಪ ಒಂದು ತೆಗೆದುಕೊಂಡ, ರಾಮದುರ್ಗದಲ್ಲಿ ಅತ್ತೆಯೂ ಒಂದು. ದೊಡ್ಡಪ್ಪ ಪಡಸಾಲೆಯ ಗೋಡೆಗೆ ಒರಗಿ ಮನೆಯ ಹಳೆಯ ಫೋನಿನಿಂದ ರಾಮದುರ್ಗಕ್ಕೆ ಹಚ್ಚುತ್ತಾನೆ: "ಅಕ್ಕಾ, ಮೋಟರ್ ಬಂದ್ ಮಾಡಂತ ಹೇಳು ಅವಗ." ಇಡುತ್ತಾನೆ. ಸ್ವಲ್ಪ ಹೊತ್ತಿಗೆ ಎದುರಿನ ಕಂಬದ ಬುಡದಲ್ಲಿ ಅಪ್ಪನ ಮೊಬೈಲು ರಿಂಗಾಗುತ್ತದೆ. ಅಪ್ಪ ಎತ್ತಿ ಕೇಳಿ, ಆಗತಾನೇ ಸುದ್ದಿ ತಿಳಿದವನಂತೆ ತಲೆ ಎತ್ತಿ, ಮೋಟರ್ ಬಂದ್ ಮಾಡಲು ಹೋಗುತ್ತಾನೆ. ಬೆಳಗಾವಿಯ ಫೈಲು ಬೈಲಹೊಂಗಲದಲ್ಲಿ ಕಾಣುವಂತೆ ಮಾಡಲು ನಾನು ಇಡೀ ವರ್ಷ ಹೆಣಗಿದ್ದೆ. ಇವರು ಪಡಸಾಲೆಯ ಈ ತುದಿಯ ಮಾತನ್ನು ಆ ತುದಿಗೆ ರಾಮದುರ್ಗದ ಮೇಲಿಂದ ಕಳಿಸಲು ಒಂದು ದಿನವೂ ಹೆಣಗಲಿಲ್ಲ.

ಅಕ್ಕನನ್ನು ಕಳಿಸಿದ್ದು ಎದುರಿನವನು ಎಂದೇ ಇಬ್ಬರೂ ನಂಬಿದ್ದಾರೆ. "ಅವನs ಹೂಂ ಅಂದಾಂವ. ಈಗ ರೊಟ್ಟಿ ಸರಿ ಇಲ್ಲಂತ ಮಾರಿ ಗಂಟ ಹಾಕ್ತಾನ," ಅನ್ನುತ್ತಾನೆ ದೊಡ್ಡಪ್ಪ. ಅಪ್ಪನೂ ಅದೇ ಮಾತನ್ನೇ ಅನ್ನುತ್ತಾನೆ. ರೊಟ್ಟಿ ಮಾಡುವ ಅವ್ವ ಎರಡನ್ನೂ ಬಾಗಿಲ ಹಿಂದೆ ನಿಂತು ಕೇಳುತ್ತಾಳೆ.

ಹೋದ ಸಲ ರಾಮದುರ್ಗಕ್ಕೆ ಹೋಗಿದ್ದೆ. ನೇಕಾರರ ಓಣಿ, ಎರಡೂ ಕಡೆಯಿಂದ ಮಗ್ಗದ ಸಪ್ಪಳ. ಅತ್ತೆಯ ಸುತ್ತ ಆರು ಜನ ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಅವಳ ಮೊಬೈಲು ಹಿಟ್ಟು ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೊಳೆಗೆ ತೂಗುಹಾಕಿತ್ತು. ನಾನಿದ್ದ ಅಷ್ಟು ಹೊತ್ತಿನಲ್ಲಿ ಅದು ಎರಡು ಸಲ ರಿಂಗಾಯಿತು. ಎರಡೂ ಸಲ ಚೀಲದ ಮೇಲಿಂದಲೇ ಒತ್ತಿ, "ಹಾಂ, ಹೇಳ್ತೇನಿ ಇಡು" ಎಂದು ಇನ್ನೊಬ್ಬನಿಗೆ ಹಚ್ಚಿದಳು.

"ಇಲ್ಲಿಗೆ ಬಂದ್ರೂ ಬಿಡಲಿಲ್ಲಲ್ಲ ಅತ್ತಿ," ಅಂದೆ.

"ಅಲ್ಲಿದ್ದಾಗ ಎದ್ದ ಅಡ್ಡಾಡಬೇಕಿತ್ತು. ಇಲ್ಲಿ ಕುಂತಲ್ಲೇ ಆಗತೈತಿ," ಅಂದು ನಕ್ಕಳು. "ನೀ ತಿನ್ನು, ಆರತೈತಿ."

ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಕರಗುತ್ತಿತ್ತು. ಅವಳು ಇನ್ನೊಂದು ಉಂಡೆ ತೆಗೆದು ತಟ್ಟತೊಡಗಿದಳು. ಇಷ್ಟು ವರ್ಷ ಕೇಳಬೇಕೆಂದುಕೊಂಡದ್ದನ್ನು ಆಗ ಕೇಳಿದೆ. ಅವಳ ಕೈ ನಿಂತಿತೆಂದು ನನ್ನ ನೆನಪು, ನಿಲ್ಲಲಿಲ್ಲವೋ ಏನೋ. ಉತ್ತರ ಇವತ್ತಿನ ತನಕ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಅತ್ತಿ, ಖರೇ ಹೇಳು. ಆ ದಿನ ಮೊದ್ಲ ಹೂಂ ಅಂದವರು ಯಾರು?"